ನಕ್ಷೆಯೊಳಗೆ ಊರಿದೆ, ಕೇರಿ ಎಲ್ಲಿದೆ?

ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಿಗೆ ಹೋಗಿ ನೋಡಿ. ಊರು ಒಂದು ಕಡೆ, ಕೇರಿ ಒಂದು ಕಡೆ. ನಡುವೆ ಎಷ್ಟು ಮಾರು ದೂರ ಅಂತ ಕೇರಿಯ ಸಣ್ಣ ಹುಡುಗನೂ ಹೇಳ್ತಾನೆ. ಜನಗಣತಿಯ ನಕ್ಷೆಗೆ ಮಾತ್ರ ಅದು ಗೊತ್ತಿಲ್ಲ.

ಈ ಸೀಮೆಯಲ್ಲಿ ಸರ್ಕಾರ 1872ರಲ್ಲಿ ಒಮ್ಮೆ ತಲೆ ಎಣಿಸಿತು. 1881ರ ಫೆಬ್ರವರಿ 17ರಂದು ಇನ್ನೊಮ್ಮೆ. ಆಗ ಜಿಲ್ಲೆಯ ಹೆಸರು ಕಲಾದಗಿ. ಎರಡು ಎಣಿಕೆಗಳ ನಡುವೆ 1876-78ರ ಬರ ಬಂದು ಹೋಗಿತ್ತು. ಎಂಟು ಲಕ್ಷದ ಆಸುಪಾಸು ಇದ್ದ ಜನ ಆರೂವರೆ ಲಕ್ಷಕ್ಕಿಂತ ಕೆಳಗೆ ಇಳಿದಿದ್ದರು. ಸತ್ತವರೆಷ್ಟು, ಗುಳೆ ಹೋದವರೆಷ್ಟು, ಆ ಮೊತ್ತ ಬಾಯಿಬಿಡೋದಿಲ್ಲ. ಹೊಲ ಇಲ್ಲದವರ ಮನೆಯ ಒಲೆ ಮೊದಲು ಆರಿತು ಅನ್ನೋದಕ್ಕೆ ಕೋಷ್ಟಕ ಬೇಕಾಗಿಯೂ ಇಲ್ಲ.

ಅಂಕಿ ಬರೀ ಅಂಕಿಯಲ್ಲ, ಸ್ವಾಮಿ. 1932ರಲ್ಲಿ ಲೋಥಿಯನ್ ಸಮಿತಿ ಮತದಾನದ ಹಕ್ಕು ವಿಚಾರಿಸುತ್ತಿದ್ದಾಗ, ಸಂಯುಕ್ತ ಪ್ರಾಂತದಲ್ಲಿ ಅಸ್ಪೃಶ್ಯರು 1 ಕೋಟಿ 26 ಲಕ್ಷ ಅಂತ ಒಂದು ಲೆಕ್ಕ. ಅಲ್ಲಿನ ಪ್ರಾಂತೀಯ ಸಮಿತಿಯ ಲೆಕ್ಕ ಬರೀ 6 ಲಕ್ಷ. ಒಂದು ಕೋಟಿಗೂ ಮಿಕ್ಕಿದ ಜನ ಕಾಗದದ ಮೇಲೇ ಮಾಯ! ಬಾಬಾಸಾಹೇಬರು ಈ ಮೋಸವನ್ನು ಬಯಲಿಗೆಳೆದರು. 1931ರ ನಂತರ ಪೂರ್ತಿ ಜಾತಿಲೆಕ್ಕ ಪ್ರಕಟವಾಗಲಿಲ್ಲ. 1951ರಿಂದ ಪರಿಶಿಷ್ಟರನ್ನಷ್ಟೇ ಬೇರೆಯಾಗಿ ಎಣಿಸಿದರು.

ಈಗ ಕಂಪ್ಯೂಟರ್ ಬಂದಿದೆ. ಎಣಿಕೆಗೂ ಯಂತ್ರಕ್ಕೂ ನಂಟು ಹಳೆಯದು. ತೂತಿನ ಕಾರ್ಡು ಎಣಿಸುವ ಹಾಲರಿತ್‌ನ ಯಂತ್ರ 1890ರ ಅಮೆರಿಕದ ಜನಗಣತಿಯಲ್ಲೇ ದುಡಿಯಿತು. ಇಂದಿನ ಕೆಲಸ ಹೀಗೆ: ಒಂದು ಕಡೆ ಊರುಗಳ ಗಡಿರೇಖೆ, ಇನ್ನೊಂದು ಕಡೆ ಗಣತಿಯ ಅಂಕಿ. ಎರಡನ್ನೂ ಬೆಸೆಯುವುದು ಊರಿನ ಕೋಡು. ಪೋಸ್ಟ್‌ಜಿಐಎಸ್‌ನಂಥ ದತ್ತಸಂಚಯದಲ್ಲಿ ಇದನ್ನು ಕೈಯಿಂದ ಮಾಡುತ್ತ ಕೂತರೆ ವಾರಗಟ್ಟಲೆ ಬೇಕು. ಅದಕ್ಕೇ ಸ್ಕ್ರಿಪ್ಟ್ ಬರೆದಿಡುತ್ತಾರೆ. ಒಮ್ಮೆ ಓಡಿಸಿದರೆ ಕೋಷ್ಟಕ ಕಟ್ಟಿ, ಗಡಿ ತುಂಬಿ, ಅಂಕಿ ಜೋಡಿಸುತ್ತದೆ. ಒಳ್ಳೆಯದೇ. ಪೋಸ್ಟ್‌ಜಿಐಎಸ್‌ಗೆ ಕಾಸು ಕೊಡಬೇಕಾಗಿಲ್ಲ, ಕಚೇರಿ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಹಳ್ಳಿ ಮೇಷ್ಟ್ರೂ ಕಲೀಬಹುದು.

ಆದರೆ ಸ್ಕ್ರಿಪ್ಟಿಗೆ ಇತಿಹಾಸ ತಿಳಿಯದು. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. 1991ರ ಲೆಕ್ಕದಲ್ಲಿ ಅದು ಬಿಜಾಪುರದ ಹೊಟ್ಟೆಯೊಳಗಿದೆ. 2001ರಲ್ಲಿ ಜಿಲ್ಲೆಯ ಕೋಡು 02. ಕಂಪ್ಯೂಟರ್ ಅದನ್ನು ಅಂಕಿಯೆಂದು ಓದಿದರೆ ಸೊನ್ನೆ ಉದುರಿ ಬರೀ 2 ಉಳಿಯುತ್ತದೆ, ಬೆಸುಗೆ ಕೂಡುವುದಿಲ್ಲ. 2011ರಲ್ಲಿ ಕೋಡೇ 556 ಆಯಿತು. ಆಗ ಆರು ತಾಲೂಕು, ಇಳಕಲ್ಲು ಹುನಗುಂದದೊಳಗಿನ ಪಟ್ಟಣ. ಆಮೇಲೆ ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿ ತಾಲೂಕುಗಳಾದವು. ಇಂದಿನ ಗಡಿ ಹಿಡಿದು 2011ರ ಅಂಕಿ ಹುಡುಕಿದರೆ ಇಳಕಲ್ಲು ತಾಲೂಕು ಖಾಲಿ! ಕೂಡದ ಸಾಲನ್ನು ಯಂತ್ರ ಕೂಗಿ ಹೇಳಲ್ಲ. ಹಾಗೆ ಹೇಳು ಅಂತ ಬರೆದಿರದಿದ್ದರೆ ಸುಮ್ಮನೆ ಕೈಬಿಡುತ್ತದೆ. ಬಿಟ್ಟುಹೋದವರ ಹೆಸರು ಕೇಳುವ ಸಾಲೊಂದನ್ನು ಸ್ಕ್ರಿಪ್ಟಿನಲ್ಲಿ ಮೊದಲೇ ಇಡಬೇಕು.

ಇನ್ನು ಮುಳುಗಿದ ಊರುಗಳು. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳನ್ನೂ ಹೊಳೆದಂಡೆಯ ಹಳ್ಳಿಗಳನ್ನೂ ನುಂಗಿತು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋದರು. ಹಳೇ ಗಡಿಗೆ ಹೊಸ ಅಂಕಿ ಬೆಸೆದರೆ ಜನ ನೀರಿನ ಮೇಲೆ ವಾಸವಿದ್ದಂತೆ ಕಾಣ್ತದೆ.

ಈಗ ಕೇರಿಯ ಮಾತು. ಪ್ರಕಟವಾಗುವ ಹಳ್ಳಿಯ ಲೆಕ್ಕದಲ್ಲಿ ಪರಿಶಿಷ್ಟರ ಮೊತ್ತವಿದೆ, ಅವರು ಊರಿನ ಯಾವ ದಿಕ್ಕಿಗಿದ್ದಾರೆ ಅನ್ನೋದಿಲ್ಲ. ಗ್ರಾಮ ಸೌಲಭ್ಯದ ಪಟ್ಟಿಯಲ್ಲಿ ನಲ್ಲಿ ನೀರಿಗೆ ‘ಹೌದು’ ಅಥವಾ ‘ಇಲ್ಲ’. ಗೌಡರ ಓಣಿಯಲ್ಲಿ ನಲ್ಲಿ ಇದ್ದರೂ ‘ಹೌದು’. ಆ ಒಂದು ‘ಹೌದು’ ನಕ್ಷೆಗೆ ಏರಿದರೆ ಇಡೀ ಹಳ್ಳಿ ನೀಲಿ ಬಣ್ಣ. ಕೇರಿಯ ಹೆಣ್ಣುಮಗಳ ಖಾಲಿ ಕೊಡವೂ ಅದರೊಳಗೇ ನೀಲಿ.

2027ರ ಗಣತಿಯಲ್ಲಿ ಜಾತಿ ಕೇಳುವುದೆಂದು 2025ರಲ್ಲಿ ತೀರ್ಮಾನವಾಯಿತು. ಮೊಬೈಲಿನಲ್ಲಿ ಕಟ್ಟಡಕ್ಕೊಂದು ಬಿಂದು ಗುರುತಿಸುವ ಏರ್ಪಾಡೂ ಇದೆ. ಹಾಗಾದರೆ ಕೇರಿ ನಕ್ಷೆಗೆ ಬಂದೀತೇ? ಅವಸರ ಬೇಡ. ಮನೆಮನೆಯ ಗುಟ್ಟು ಕಾಯಬೇಕೆಂದು 1948ರ ಗಣತಿ ಕಾಯ್ದೆ ಹೇಳುತ್ತದೆ, ಅದು ನಮಗೂ ಬೇಕು. ಯಾವ ಮನೆ ಯಾವ ಜಾತಿ ಅನ್ನುವ ನಕ್ಷೆ ಬೆಂಕಿ ಹಚ್ಚುವವನ ಕೈಗೆ ಸಿಕ್ಕರೆ ಏನು ಗತಿ? ನಾವು ಕೇಳಬೇಕಾದ್ದು ಮನೆಯ ಬಿಂದುವನ್ನಲ್ಲ. ಊರಿನ ಸಾಲಿನ ಕೆಳಗೆ ಕೇರಿಗೊಂದು ಸಾಲು: ಇಷ್ಟು ಮನೆ, ಇಷ್ಟು ನಲ್ಲಿ, ಇಷ್ಟು ಕಕ್ಕಸು, ಶಾಲೆಗೆ ಇಷ್ಟು ದೂರ.