ಆತಕೂರಿನ ಕಲ್ಲು ಮತ್ತು ಶಾಸನಗಳ ವರ್ಗೀಕರಣ

ಕನ್ನಡ ನಾಡಿನ ಇತಿಹಾಸಕ್ಕೆ ಶಾಸನಗಳೇ ಮುಖ್ಯ ಆಧಾರವೆಂಬುದು ನಿರ್ವಿವಾದವಾದ ಸಂಗತಿ. ಆದರೆ ಶಾಸನಗಳು ಅಚ್ಚಾದ ಮಾತ್ರಕ್ಕೆ ಇತಿಹಾಸವು ಕೈಗೆ ದೊರೆಯಲಾರದು. ಯಾವ ಶಾಸನವನ್ನು ಯಾವ ಶೀರ್ಷಿಕೆಯ ಕೆಳಗೆ ಇರಿಸಬೇಕು, ಒಂದಕ್ಕೂ ಮತ್ತೊಂದಕ್ಕೂ ಇರುವ ಸಂಬಂಧವನ್ನು ಹೇಗೆ ಕಾಣಿಸಬೇಕು ಎಂಬ ಪ್ರಶ್ನೆ ಸಂಪಾದಕರನ್ನು ಮೊದಲಿನಿಂದಲೂ ಕಾಡಿದೆ. ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಪರಿಶೀಲಿಸುವುದು ಸಂಶೋಧಕರಿಗೆ ಉಪಯುಕ್ತವಾದೀತು.

ಬೆಂಜಮಿನ್ ಲೂಯಿಸ್ ರೈಸ್ ಅವರು 1886ರಿಂದ 1905ರವರೆಗೆ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು. ಅವರು ಹಿಡಿದದ್ದು ಸ್ಥಳಾನುಸಾರಿಯಾದ ಕ್ರಮ: ಜಿಲ್ಲೆ, ಅದರೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಅನುಕ್ರಮಸಂಖ್ಯೆ. ‘ಮಂಡ್ಯ 41’ ಎಂದೊಡನೆ ಕಲ್ಲು ಎಲ್ಲಿಯದೆಂಬುದು ಗೊತ್ತಾಗುತ್ತಿತ್ತು. ಇದಲ್ಲದೆ ಕಾಲಾನುಕ್ರಮದ ಪಟ್ಟಿಯನ್ನೂ ಅವರು ಸಂಪುಟಗಳಿಗೆ ಸೇರಿಸಿದರು. ಒಂದೇ ವಿಂಗಡಣೆಯಿಂದ ಕೆಲಸ ಸಾಗದೆಂಬುದನ್ನು ಅವರೂ ಬಲ್ಲವರಾಗಿದ್ದರು.

ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನು ಒಳಗೊಂಡು, 1939ರಲ್ಲಿ ಹೊರಬರಲಾರಂಭಿಸಿದ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 9ನೆಯ ಸಂಪುಟವು ಬೇರೆ ದಾರಿಯನ್ನು ಅನುಸರಿಸಿತು. ಅಲ್ಲಿ ರಾಜವಂಶವೇ ಮೊದಲು, ಸ್ಥಳವು ಅನಂತರ. ಒಂದು ಮನೆತನದ ಆಳ್ವಿಕೆಯನ್ನು ಅಭ್ಯಾಸಮಾಡುವವನಿಗೆ ಇದು ಅನುಕೂಲ. ಒಂದು ಊರಿನ ಚರಿತ್ರೆಯನ್ನು ಅರಸುವವನಿಗೆ ಪ್ರಯಾಸ.

ಯಾವುದೇ ಒಂದು ಕ್ರಮದ ಮಿತಿಯನ್ನು ಅರಿಯಲು ಮೇಲೆ ಹೇಳಿದ ಮಂಡ್ಯ 41ನ್ನೇ, ಎಂದರೆ ಆತಕೂರಿನ ಶಾಸನವನ್ನೇ, ನೋಡಬಹುದು. ಅದರ ಕಾಲ ಶಕ 872, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಕೃಷ್ಣನು ಬನವಾಸಿ 12,000, ಬೆಳ್ವೊಲ 300 ಮೊದಲಾದ ನಾಡುಗಳನ್ನು ಬೂತುಗನಿಗೆ ಇತ್ತನು. ಬೂತುಗನ ಸೇವಕನಾದ ಮಣಲೇರನು ಪರಾಕ್ರಮದ ಪ್ರತಿಫಲವಾಗಿ ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯು ಒಂದು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಈ ಕಲ್ಲನ್ನು ನೆಡಿಸಿ, ಪೂಜೆಗೆ ಭೂಮಿಯನ್ನು ಬಿಡಲಾಯಿತು.

ಈ ಕಲ್ಲನ್ನು ಎಲ್ಲಿ ಇರಿಸುವುದು? ರಾಷ್ಟ್ರಕೂಟರ ಕೆಳಗೆಂದರೆ ಗಂಗರಿಗೆ ಅನ್ಯಾಯವಾಗುತ್ತದೆ. ದಾನಶಾಸನವೆಂದರೆ ಸ್ಮಾರಕಶಿಲೆಯೆಂಬುದು ಮರೆಯಾಗುತ್ತದೆ. ಮಂಡ್ಯದ ಕೆಳಗೆ ಮಾತ್ರ ಇಟ್ಟರೆ ಬನವಾಸಿಯ ಚರಿತ್ರೆಯನ್ನು ಬರೆಯುವವನ ಕಣ್ಣಿಗೆ ಅದು ಬೀಳದು. ಶಾಸನವು ದೊರೆತ ಸ್ಥಳ ಬೇರೆ, ಅದರಲ್ಲಿ ಉಕ್ತವಾದ ಸ್ಥಳಗಳು ಬೇರೆ. ಚೋಳರ ತಮಿಳು ಶಾಸನಗಳು ರಾಜಾದಿತ್ಯನನ್ನು ಆನೆಯ ಮೇಲೆ ಮಡಿದವನೆಂದು ಸ್ಮರಿಸುತ್ತವೆ. ಆ ಕಡೆಯ ಸಾಕ್ಷ್ಯವನ್ನೂ ಈ ಕಡೆಯ ಸಾಕ್ಷ್ಯವನ್ನೂ ಜೋಡಿಸಿ ಓದದೆ ತಕ್ಕೋಲದ ಯುದ್ಧದ ನಿಜಸ್ಥಿತಿ ತಿಳಿಯದು. ಭಾಷಾನುಸಾರಿಯಾದ ವಿಂಗಡಣೆಯೊಂದನ್ನೇ ನಂಬಿದವನಿಗೆ ಈ ಜೋಡಣೆ ಸಾಧ್ಯವಿಲ್ಲ.

ಸ್ಥಳವಾದರೂ ಸ್ಥಿರವೆಂದು ಹೇಳುವಂತಿಲ್ಲ. ರೈಸ್ ಅವರು ಮೈಸೂರು ಜಿಲ್ಲೆಯ ಸಂಪುಟದಲ್ಲಿ ಇರಿಸಿದ ಮಂಡ್ಯವು 1939ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಆತಕೂರಿನ ಕಲ್ಲಾದರೋ ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿತು. ಸಂಖ್ಯೆಗಳೂ ಬದಲಾಗುತ್ತವೆ. ಶ್ರವಣಬೆಳಗೊಳದ ಸಂಪುಟದಲ್ಲಿ 1889ರಲ್ಲಿ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು. ಅವರು ಹೊಸ ಸಂಖ್ಯೆಯ ಪಕ್ಕದಲ್ಲಿ ಹಳೆಯದನ್ನೂ ಆವರಣದಲ್ಲಿ ಕೊಟ್ಟುದರಿಂದ ಹಿಂದಿನ ಉಲ್ಲೇಖಗಳು ನಿರರ್ಥಕವಾಗಲಿಲ್ಲ.

ವಸ್ತುವಿನ ಸ್ವರೂಪ ಒಂದು, ಅದರ ಸಂಬಂಧಗಳು ಹಲವು. ಈ ಎರಡನ್ನೂ ಒಂದೇ ಶೀರ್ಷಿಕೆಯಲ್ಲಿ ಅಡಗಿಸಲು ಹೊರಟುದೇ ತೊಡಕಿನ ಮೂಲ. ಗ್ರಂಥಾಲಯಗಳಲ್ಲಿ ಇದೇ ತೊಡಕನ್ನು ಕಂಡ ಎಸ್. ಆರ್. ರಂಗನಾಥನ್ ಅವರು ವಿಷಯವನ್ನು ಅದರ ಹಲವು ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸುವ ಕೋಲನ್ ವರ್ಗೀಕರಣವನ್ನು 1933ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಇಂದು ಗಣಕಯಂತ್ರದಲ್ಲಿ ಶಾಸನದ ಪಾಠವನ್ನು ಒಮ್ಮೆ ಮಾತ್ರ ದಾಖಲಿಸಿ, ವಂಶ, ಕಾಲ, ಲಿಪಿ, ದೊರೆತ ಊರು, ಉಕ್ತವಾದ ನಾಡು, ಶಾಸನದ ಪ್ರಕಾರ ಎಂಬ ಪ್ರತ್ಯೇಕ ವರ್ಗಗಳನ್ನು ಅದಕ್ಕೆ ಜೋಡಿಸುವುದು ಸುಲಭ. ಆದರೆ ಯಾವ ವರ್ಗಗಳು ಬೇಕೆಂಬುದನ್ನು ಯಂತ್ರವು ನಿರ್ಣಯಿಸಲಾರದು. ಅದು ವಿದ್ವಾಂಸರ ಹೊಣೆ.

ಈ ಹೊಣೆಯು ಹೊರನಾಡಿನ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. ತಕ್ಕೋಲವು ಇಂದಿನ ತಮಿಳುನಾಡಿನಲ್ಲಿ, ಅರಕ್ಕೋಣಂ ಬಳಿ ಇದೆ. ಜಿಲ್ಲೆಯ ಹೆಸರೊಂದನ್ನೇ ಹಿಡಿದು ಹುಡುಕುವ ಚೆನ್ನೈನ ಓದುಗನಿಗೆ, ಅಲ್ಲಿ ನಡೆದ ಯುದ್ಧದ ಕನ್ನಡ ಸಾಕ್ಷ್ಯವು ಆತಕೂರಿನ ಒಂದು ನಾಯಿಯ ಸ್ಮಾರಕದಲ್ಲಿ ಉಳಿದಿದೆಯೆಂಬುದು ಎಂದಿಗೂ ತಿಳಿಯಲಾರದು.