ದಂಡುಪ್ರದೇಶದ ಮೋಟಾರು ದುರಸ್ತಿ: ದೋಷಸಂಕೇತವೂ ಸಾಕ್ಷ್ಯವಿಚಾರವೂ

ಬೆಂಗಳೂರಿನ ದಂಡುಪ್ರದೇಶವನ್ನು ಕುರಿತು ಬರೆದವರು ಅದರ ಪಾಳಯಗಳನ್ನೂ ಇಗರ್ಜಿಗಳನ್ನೂ ಪೇಟೆಬೀದಿಗಳನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಅಲ್ಲಿಯ ದುರಸ್ತಿ ಕಸುಬಿಗೆ ದೊರೆತ ಗಮನ ಅಲ್ಪ. ೧೮೦೯ರಲ್ಲಿ ನೆಲೆಗೊಂಡು, ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದ ತರುವಾಯವೂ ೧೯೪೭ರವರೆಗೆ ಬ್ರಿಟಿಷರ ಆಡಳಿತದಲ್ಲಿಯೇ ಉಳಿದ ಈ ಭಾಗಕ್ಕೆ ಸೈನ್ಯವೇ ಆಧಾರವಾಗಿದ್ದಿತು. ಸೇನೆಯ ೫೧೫ನೆಯ ಕಾರ್ಯಾಗಾರವಿರುವುದು ಹಲಸೂರಿನಲ್ಲಿ. ಹಿಂದೆ ಬ್ಲ್ಯಾಕ್‌ಪಳ್ಳಿಯೆನಿಸಿದ್ದ ಶಿವಾಜಿನಗರವಾದರೋ ಬಿಚ್ಚಿದ ವಾಹನಗಳ ಬಿಡಿಭಾಗಗಳು ದೊರೆಯುವ ಗುಜರಿಗೆ ಹೆಸರಾದುದು. ಈ ಕಸುಬಿನಲ್ಲಿ ಈಚೆಗೆ ಉಂಟಾದ ಒಂದು ಮಾರ್ಪಾಟನ್ನು ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಸಾಕ್ಷ್ಯವಿಚಾರದ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದ್ದೇವೆ.

ಅಂಬಾಸಿಡರ್, ಫಿಯಟ್ ಕಾರುಗಳ ಕಾಲದಲ್ಲಿ ಎಂಜಿನ್ನಿನ ದೋಷವನ್ನು ತಿಳಿಯಲು ಮೆಕ್ಯಾನಿಕ್ಕಿಗೆ ಕಿವಿ, ಮೂಗು, ಕಣ್ಣುಗಳೇ ಸಾಧನ. ಸ್ಪಾರ್ಕ್ ಪ್ಲಗ್ಗನ್ನು ಕಳಚಿ ನೋಡಿದಾಗ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚೆಂದೂ, ತುದಿ ಬಿಳಿಚಿದ್ದರೆ ಗಾಳಿ ಹೆಚ್ಚೆಂದೂ ಊಹಿಸಿ ಕಾರ್ಬ್ಯುರೇಟರಿನ ತಿರುಪನ್ನು ಸರಿಪಡಿಸುತ್ತಿದ್ದರು.

ಹೊಗೆಯ ನಿಯಂತ್ರಣಕ್ಕಾಗಿ ಬಂದ ಕಾನೂನು ಈ ಸ್ಥಿತಿಯನ್ನು ಬದಲಿಸಿತು. ವಾಹನವು ತನ್ನ ದೋಷವನ್ನು ತಾನೇ ದಾಖಲಿಸುವ ಏಕರೂಪದ ವ್ಯವಸ್ಥೆ ಅಮೆರಿಕದಲ್ಲಿ ೧೯೯೬ರಿಂದ ಕಡ್ಡಾಯವಾಯಿತು. ಬೆಂಗಳೂರಿಗೆ ೨೦೧೦ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ ೪ ನಿಯಮ ಅನ್ವಯಿಸಿತು. ೨೦೧೩ರಿಂದ ಈ ಸ್ವಯಂಪರೀಕ್ಷೆಯ ಎರಡನೆಯ ಹಂತವೂ ಜಾರಿಗೆ ಬಂದಿತು. ಎಂಜಿನ್ ದೀಪ ಹೊತ್ತಿಕೊಂಡಿತೆಂದರೆ ಹದಿನಾರು ಪಿನ್ನುಗಳ ಕೊಂಡಿಗೆ ಸ್ಕ್ಯಾನರನ್ನು ಜೋಡಿಸಿ ಸಂಕೇತವನ್ನು ಓದಬಹುದು. ಮೊದಲಿನ ‘ಪಿ’ ಅಕ್ಷರವು ಎಂಜಿನ್ ಮತ್ತು ಗೇರುಗಳ ವರ್ಗವನ್ನೂ, ಅದರ ಮುಂದಿನ ಸೊನ್ನೆಯು ಎಲ್ಲ ತಯಾರಕರಿಗೂ ಸಮಾನವಾದ ಸಂಕೇತವೆಂಬುದನ್ನೂ ಸೂಚಿಸುತ್ತವೆ.

ಈ ಸಂಕೇತವನ್ನು ತೀರ್ಪೆಂದು ಭಾವಿಸುವುದರಿಂದಲೇ ಅನರ್ಥ ಹುಟ್ಟುತ್ತದೆ. ಅದು ಸಾಕ್ಷಿಯ ಹೇಳಿಕೆ ಮಾತ್ರ. ಪಿ೦೧೭೧ ಎಂಬುದನ್ನು ನೋಡೋಣ. ಗಾಳಿಗೆ ತಕ್ಕಷ್ಟು ಇಂಧನವಿಲ್ಲವೆಂಬುದಷ್ಟೇ ಇದರ ಅರ್ಥ. ಇದನ್ನು ವರದಿಮಾಡುವುದು ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕದ ಆಧಾರದ ಮೇಲೆ. ಅವಸರದವರು ಆ ಸಂವೇದಕವನ್ನೇ ಬದಲಿಸುತ್ತಾರೆ. ಸುದ್ದಿ ತಂದವನನ್ನು ದಂಡಿಸಿದಂತಾಯಿತು! ದೋಷವು ಬಿರುಕುಬಿಟ್ಟ ಗಾಳಿಯ ಕೊಳವೆಯಲ್ಲಿರಬಹುದು, ದುರ್ಬಲವಾದ ಪೆಟ್ರೋಲು ಪಂಪಿನಲ್ಲಿರಬಹುದು. ಇವನ್ನು ಬೇರ್ಪಡಿಸುವ ಉಪಾಯವುಂಟು. ಎಂಜಿನ್ನು ನಿಂತಲ್ಲೇ ಮೆಲ್ಲಗೆ ಓಡುತ್ತಿರುವಾಗ ಇಂಧನದ ತಿದ್ದುಪಡಿ ಅಧಿಕವಾಗಿದ್ದು, ವೇಗ ಏರಿಸಿದಾಗ ಸಾಮಾನ್ಯಕ್ಕೆ ಇಳಿದರೆ ಗಾಳಿಯ ಸೋರಿಕೆಯೆಂದು ಶಂಕಿಸಬೇಕು; ವೇಗದೊಡನೆ ಅದೂ ಏರಿದರೆ ಇಂಧನದ ಪೂರೈಕೆಯನ್ನು ಪರೀಕ್ಷಿಸಬೇಕು. ದೋಷವು ದಾಖಲಾದ ಕ್ಷಣದ ವೇಗ, ಉಷ್ಣತೆ ಮೊದಲಾದವುಗಳೂ ಯಂತ್ರದ ಸ್ಮೃತಿಯಲ್ಲಿ ಉಳಿದಿರುತ್ತವೆ. ಕೃಷ್ಣರಾಜಪುರದ ತೂಗುಸೇತುವೆಯ ದಟ್ಟಣೆಯಲ್ಲಿ ನಿಂತಿದ್ದಾಗ ಹೊತ್ತಿದ ದೀಪಕ್ಕೂ ಹಳೆಯ ಮದರಾಸು ರಸ್ತೆಯಲ್ಲಿ ಓಡುವಾಗ ಹೊತ್ತಿದ ದೀಪಕ್ಕೂ ಇರುವ ಅಂತರ ಅದರಿಂದಲೇ ತಿಳಿಯುವುದು.

ಪಿ೦೪೨೦ರ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ದುರ್ಬಲವಾಗಿದೆಯೆಂದು ಅದು ನುಡಿಯುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳಂಥ ಲೋಹಗಳಿರುವ ಆ ಭಾಗ ಬಹಳ ದುಬಾರಿ. ಹೊಗೆಕೊಳವೆಯ ಸಣ್ಣದೊಂದು ಸೋರಿಕೆಯೂ ಇದೇ ಸಂಕೇತವನ್ನು ಹುಟ್ಟಿಸಬಲ್ಲದು. ಬಾಡಿಗೆ ಕಾರಿನ ಸಂಪಾದನೆಯನ್ನೇ ನಂಬಿದ ಚಾಲಕನಿಗೆ ಈ ಎರಡರ ನಡುವಿನ ಅಂತರ ಹಲವು ದಿನಗಳ ಗಳಿಕೆ.

ಸ್ಕ್ಯಾನರು ಅಗ್ಗವಾಗಿ ಮೊಬೈಲಿನಲ್ಲಿಯೇ ಸಂಕೇತ ಕಾಣುವಂತಾದ ಮೇಲೆ ಹಳೆಯ ಮೆಕ್ಯಾನಿಕ್ಕಿನ ವಿದ್ಯೆ ಮುಗಿಯಿತೆಂದು ಹೇಳುವವರುಂಟು. ನಾವು ಇದನ್ನು ಒಪ್ಪುವುದಿಲ್ಲ. ಸೋರುವ ಕೊಳವೆಯ ಸಿಳ್ಳನ್ನು ಹಿಡಿಯುವ ಕಿವಿಗೆ ಸಂಕೇತವು ದಿಕ್ಕನ್ನು ತೋರಿಸಿತೇ ಹೊರತು ಅದರ ಕೆಲಸವನ್ನು ತಾನು ವಹಿಸಿಕೊಳ್ಳಲಿಲ್ಲ.

ದುರಸ್ತಿಗೆ ಮುನ್ನವೇ ಸಂಕೇತವನ್ನು ಅಳಿಸಿಬಿಡುವ ರೂಢಿಯು ಮಾತ್ರ ಖಂಡನೀಯ. ದೀಪ ಆರಿದುದನ್ನು ಕಂಡು ಮಾಲೀಕನು ಹಣ ಕೊಟ್ಟು ಹೋಗುತ್ತಾನೆ. ಆ ಕ್ಷಣದ ದಾಖಲೆಯೂ ಅದರೊಡನೆ ನಾಶವಾಗುತ್ತದೆ. ಮೊದಲು ಎಲ್ಲವನ್ನೂ ಬರೆದಿಟ್ಟುಕೊಂಡು, ದೋಷ ಸರಿಪಡಿಸಿದ ಮೇಲೆ ಅಳಿಸಿ, ದೀಪ ಹೊತ್ತಿದ್ದ ಸನ್ನಿವೇಶದಲ್ಲಿಯೇ ಕಾರನ್ನು ಮತ್ತೆ ಓಡಿಸಿ ನೋಡಬೇಕು. ಯಂತ್ರದ ಸ್ವಯಂಪರೀಕ್ಷೆಗಳು ಪೂರ್ಣಗೊಳ್ಳಲು ಒಮ್ಮೊಮ್ಮೆ ಕೆಲವು ದಿನಗಳ ಓಡಾಟವೇ ಬೇಕಾಗುತ್ತದೆ.