ಅಶ್ವತ್ಥರ ಕೊರಳಲ್ಲಿ ಶರೀಫರು

ಶಿಶುನಾಳ ಶರೀಫರು ಬದುಕಿದ್ದು 70 ವರ್ಷ, 1819ರಿಂದ 1889ರವರೆಗೆ. ಅವರ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥ್ ಬದುಕಿದ್ದೂ 70 ವರ್ಷವೇ. 1939ರ ಡಿಸೆಂಬರ್ 29ರಂದು ಹುಟ್ಟಿದ ಅವರು, ಯಕೃತ್ತು ಮತ್ತು ಮೂತ್ರಪಿಂಡಗಳ ಕಾಯಿಲೆಯಿಂದ ಬಳಲಿ 2009ರಲ್ಲಿ ಅದೇ ದಿನ ಬೆಂಗಳೂರಿನಲ್ಲಿ ಕಣ್ಮುಚ್ಚಿದರು.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಅಶ್ವತ್ಥ್ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡಿದವರು. ಶರೀಫರು ಧಾರವಾಡ ಸೀಮೆಯ ಮುಸ್ಲಿಂ ಮನೆತನದವರು; ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರು. ಅವರ ಪದಗಳಿಗೆ ಅಶ್ವತ್ಥ್ ತಮ್ಮದೇ ರಾಗ ಕೂಡಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಸಂಗೀತ ಅವರದೇ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಆಗ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಸಂದಿತು.

ಆ ರಾಗಗಳೂ ಶರೀಫರವೇ ಎಂದು ನಂಬಿದವರು ಇಂದು ಎಷ್ಟೋ ಜನ. ಸಂಗೀತಗಾರನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕೆ? ಆದರೆ ಅದಕ್ಕೂ ಮೊದಲು ನೂರು ವರ್ಷ ಆ ಪದಗಳನ್ನು ಕಾಪಾಡಿದ್ದು ತಾಳ, ಏಕತಾರಿ ಹಿಡಿದು ಹಾಡಿದ ಹಳ್ಳಿಯ ಭಜನಾ ಮೇಳಗಳು. ಗುಡೇಕೋಟೆಯಂಥ ಊರಿನ ಹುಡುಗನೂ ಈಗ ಶರೀಫರನ್ನು ಅಶ್ವತ್ಥರ ಧಾಟಿಯಲ್ಲೇ ಗುನುಗುತ್ತಾನೆ. ಅಜ್ಜಂದಿರ ಧಾಟಿ ತೆಳುವಾಗುತ್ತಿದೆ. ಅಶ್ವತ್ಥರ ಹಾಡನ್ನು ಧ್ವನಿಸುರುಳಿ ಉಳಿಸಿಕೊಂಡಿದೆ. ಆ ಅಜ್ಜಂದಿರ ಹಾಡಿಗೆ ನಮ್ಮ ಕಿವಿಯೊಂದೇ ಆಸರೆ.